ಇವತ್ತಿಗೆ ಇಲ್ಲಿಗೆ ನಿಲ್ಸಪ್ಪ

ಅಕ್ಷರದ ಮೈ ತಣ್ಣಗಿರುತ್ತದೆ ಎಂದು ನನಗೆ ಗೊತ್ತಾದದ್ದು ಹರಿಹರದಲ್ಲಿ. ಬೇಸಿಗೆ ರಜೆಗೆ ಅವ್ವನ ತವರಿಗೆ ಹೋದರೆ, ಬೆಳಿಗ್ಗೆ ಹೊಳೆಯಲ್ಲಿ ಮಿಂದು ಬರುವಾಗ ಅಜ್ಜ ಹರಿಹರೇಶ್ವರನ ಗುಡಿಗೆ ಕರೆದೊಯ್ಯುತ್ತಿದ್ದ. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ ಅದು. ಅರ್ಧ ಹರಿ, ಅರ್ಧ ಹರನಾಗಿ ನಿಂತ ದೇವರಿಗೆ ಕೈಮುಗಿದು ಅಂಗಳಕ್ಕೆ ಬಂದರೆ ಶಾಸನದ ಕಲ್ಲುಗಳು. ಅಜ್ಜ ನನ್ನ ತೋರುಬೆರಳು ಹಿಡಿದು ಕೊರೆದ ಗೆರೆಗಳ ಮೇಲೆ ಆಡಿಸುತ್ತಿದ್ದ. "ಇದು ರ ನೋಡು. ಇದು ಗ ಇರಬೇಕು." ಆ ಲಿಪಿ ಅವನಿಗೂ ಬರುತ್ತಿರಲಿಲ್ಲ. ಸಾಲಿಗೆ ಎರಡು ಅಕ್ಷರ ಸಿಕ್ಕರೆ ನಮ್ಮಿಬ್ಬರಿಗೂ ಹಬ್ಬ. ಉಳಿದವು ಯಾರೋ ಒಳಗೆ ಮಾತಾಡುತ್ತಿರುವ ಮುಚ್ಚಿದ ಬಾಗಿಲಿನ ಹಾಗೆ ಇರುತ್ತಿದ್ದವು. ಆ ಬಾಗಿಲಿಗೆ ಕಿವಿಗೊಟ್ಟು ನಿಂತದ್ದೇ ನನ್ನ ಓದಿನ ಶುರು.

ಕಾಲೇಜಿಗೆ ಬಂದಮೇಲೆ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಕೈಗೆ ಬಂತು. ಅದರ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ನಮ್ಮ ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ನಾವೂ ದುರ್ಗದವರೇ. ಹರಿಹರದ ಕಲ್ಲುಗಳ ಪಾಠ ಆ ಪುಟಗಳಲ್ಲಿ ಅಚ್ಚಾಗಿರುವುದನ್ನು ಕಂಡ ದಿನ ಮಧ್ಯಾಹ್ನದ ಊಟ ಬಿಟ್ಟು ಪ್ಯಾಸೆಂಜರ್ ಗಾಡಿ ಹತ್ತಿದೆ. ದಾವಣಗೆರೆಯಿಂದ ಹರಿಹರಕ್ಕೆ 14 ಕಿ.ಮೀ. ಆಸುಪಾಸು, ಅಷ್ಟೇ. ಬರೆದುಕೊಂಡು ಹೋದ ಹಾಳೆ ಹಿಡಿದು ಕಲ್ಲಿನ ಮುಂದೆ ನಿಂತರೆ ಅಜ್ಜ ಗ ಎಂದದ್ದು ಗ ಆಗಿರಲಿಲ್ಲ. ಹೇಳಲು ಅಜ್ಜನೂ ಇರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನನ್ನ ಬೆರಳು ಹಿಡಿದು ಕಲ್ಲಿನ ಮೇಲೆ ಆಡಿಸಿದ ಅಜ್ಜ ತನ್ನ ಮಗಳ ಬೆರಳು ಹಿಡಿದಿರಲಿಲ್ಲ. ಅವ್ವ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಜ್ಜನ ಮೇಲಿನ ಪ್ರೀತಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ, ಈ ನೋವೂ ಕಡಿಮೆಯಾಗಿಲ್ಲ.

ನಾವಿದ್ದದ್ದು ದಾವಣಗೆರೆಯಲ್ಲಿ, ಮಿಲ್ಲಿನ ಕೂಗಿಗೆ ಏಳುವ, ಮಿಲ್ಲಿನ ಕೂಗಿಗೆ ಮಲಗುವ ಓಣಿಯಲ್ಲಿ. ಅಪ್ಪನಿಗೆ ಎರಡನೇ ಪಾಳಿ ಇದ್ದ ವಾರ ಅವ್ವ ಅವನು ಬರುವವರೆಗೆ ಮಲಗುತ್ತಿರಲಿಲ್ಲ. ತೂಕಡಿಕೆ ಬರಬಾರದೆಂದು ನನ್ನಿಂದ ಓದಿಸುತ್ತಿದ್ದಳು. ಮೊದಮೊದಲು ಓದಿದ್ದು ಚಂದಮಾಮ. ಹೆಗಲ ಮೇಲಿನ ಬೇತಾಳ ಪ್ರಶ್ನೆ ಹಾಕಿದ ತಕ್ಷಣ ಅವ್ವ ನನ್ನನ್ನು ತಡೆದು, ವಿಕ್ರಮನಿಗಿಂತ ಮೊದಲು ತಾನೇ ಉತ್ತರ ಹೇಳುತ್ತಿದ್ದಳು. ಎಷ್ಟೋ ಸಲ ಅವಳ ಉತ್ತರವೇ ನ್ಯಾಯವಾಗಿರುತ್ತಿತ್ತು. ಆಮೇಲೆ ಹುಬ್ಬಳ್ಳಿಯಿಂದ ಬರುತ್ತಿದ್ದ ಕಸ್ತೂರಿ. ಅದರ ಕೊನೆಗಿನ ಪುಸ್ತಕ ವಿಭಾಗದಲ್ಲಿ ಒಂದಿಡೀ ಪುಸ್ತಕವನ್ನೇ ಸಂಗ್ರಹಿಸಿ ಕೊಡುತ್ತಿದ್ದರು. ಹಡಗು, ಹಿಮ, ಯುದ್ಧ, ಜೈಲು ಎಲ್ಲ ನಮ್ಮ ಅಡುಗೆಮನೆಯ ಬುಡ್ಡಿ ದೀಪದ ಮುಂದೆ ಬಂದು ಕೂತವು. ನಡುವೆ ಖಾರ ಮಂಡಕ್ಕಿ, ಅವ್ವನ ಕೈಯ ಮೆಣಸಿನಕಾಯಿ. ಎಣ್ಣೆಗೈಯಲ್ಲಿ ಹಾಳೆ ಮುಟ್ಟಿದರೆ ಮಾತ್ರ ಬೈಗುಳ. ಓದು ಬಾರದವಳಿಗೆ ಹಾಳೆಯ ಮೇಲೆ ಇದ್ದ ಆ ಮರ್ಯಾದೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಕಾದಂಬರಿಗಳು ಸಿಗುತ್ತಿದ್ದದ್ದು ಪೇಟೆಯ ಒಂದು ಬಾಡಿಗೆ ಪುಸ್ತಕದ ಅಂಗಡಿಯಲ್ಲಿ, ದಿನಕ್ಕೆ 10 ಪೈಸೆ. ಹತ್ತಾರು ಕೈ ದಾಟಿ ಬಂದ ಪುಸ್ತಕಗಳು. ಕೆಲವಕ್ಕೆ ಮೊದಲ ಹಾಳೆ ಇಲ್ಲ, ಕೆಲವಕ್ಕೆ ಕೊನೆಯದು. ಒಂದು ರಾತ್ರಿ, ಜಗಳವಾಡಿದ ಹೆಂಡತಿ ಟ್ರಂಕು ಹಿಡಿದು ಬಸ್ ಸ್ಟ್ಯಾಂಡಿಗೆ ಹೋದಲ್ಲಿಗೆ ಪುಸ್ತಕ ಹರಿದುಹೋಗಿತ್ತು. ಅವ್ವ ಕಾಯುತ್ತಿದ್ದಾಳೆ. ಗಂಡ ಓಡಿಬಂದ, ಟ್ರಂಕು ಇಸಿದುಕೊಂಡ, ಇಬ್ಬರೂ ಮನೆಗೆ ನಡೆದರು ಎಂದು ನಾನೇ ಕಟ್ಟಿ ಹೇಳಿದೆ. ಅವ್ವ ಏನೂ ಅನ್ನಲಿಲ್ಲ. ಬಹಳ ದಿನಗಳ ಮೇಲೆ, ಅಕ್ಕಿ ಆರಿಸುತ್ತಾ, "ಓದುವಾಗ ನಿನ್ ಕಣ್ಣು ಸಾಲಿನ ಮೇಲೆ ಓಡಾಡ್ತಾವೆ. ಆವತ್ತು ಗ್ವಾಡೆ ನೋಡ್ತಿದ್ದೆ" ಎಂದಳು. ನನ್ನ ಕಿವಿ ಬಿಸಿಯಾಯಿತು. "ಇರ್ಲಿ ಬಿಡು, ಚೆನ್ನಾಗೇ ಹೇಳ್ದೆ" ಎಂದು ಮೊರ ಕೊಡವಿದಳು.

ಓದುಗರನ್ನು ಹುಡುಕಿಕೊಂಡು ಪುಸ್ತಕವೇ ನಡೆದುಬರುತ್ತಿದ್ದ ಕಾಲವೂ ನಮ್ಮ ಈ ಹೊಳೆದಂಡೆಯಲ್ಲಿ ಇತ್ತು. ತುಂಗಭದ್ರೆ ಹರಿಹರ ದಾಟಿ ಮುಂದೆ ಹರಿದು ವರದೆಯನ್ನು ಕೂಡಿಕೊಳ್ಳುವಲ್ಲಿ ಗಳಗನಾಥ ಎಂಬ ಊರಿದೆ. ಆ ಊರ ಹೆಸರಿನಲ್ಲೇ ಬರೆದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದವರು. ಬರೆದವನೇ ಹೊತ್ತು ತಂದು ಕಟ್ಟೆಯ ಮೇಲೆ ಗಂಟು ಬಿಚ್ಚಿದಾಗ, ಓದಲು ಬಾರದವರೂ ಸುತ್ತ ಕೂತಿರಬೇಕು. ಓದಿ ಹೇಳುವವರು ಮನೆಯಲ್ಲಿ ಒಬ್ಬರಿದ್ದರೆ ಸಾಕಲ್ಲ, ಪುಸ್ತಕ ಕೊಳ್ಳಲು. ಅವರನ್ನು ನೆನೆದಾಗೆಲ್ಲ ನನಗೆ ಆ ಗಂಟಿನ ಭಾರ ಕಣ್ಣಿಗೆ ಬರುತ್ತದೆ.

ಅವ್ವನ ಮೆಚ್ಚಿನ ಲೇಖಕರು ತ.ರಾ.ಸು. 1972ರಲ್ಲಿ 'ನಾಗರಹಾವು' ಸಿನಿಮಾ ನೋಡಿ ಬಂದು, ಈ ಕಥೆ ಬರೆದವರ ಪುಸ್ತಕ ತಾ ಎಂದಿದ್ದಳು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಒಂದಾದ ಮೇಲೊಂದು ಓದಿದೆವು. ಅವರನ್ನು ಚಿತ್ರದುರ್ಗದವರೆಂದೇ ನಾನು ತಿಳಿದಿದ್ದೆ. 1920ರಲ್ಲಿ ಅವರು ಹುಟ್ಟಿದ್ದು ಮಲೇಬೆನ್ನೂರಿನಲ್ಲಿ ಎಂದು ಎಲ್ಲೋ ಓದಿದ ದಿನ ಓಡಿಬಂದು ಅವ್ವನಿಗೆ ಹೇಳಿದೆ. ಮಲೇಬೆನ್ನೂರು ಎಂದರೆ ನಮ್ಮ ಹರಿಹರ ತಾಲ್ಲೂಕು. ಶಿವಮೊಗ್ಗದ ಬಸ್ಸು ಭದ್ರಾ ನಾಲೆಯ ಗದ್ದೆಗಳ ನಡುವೆ ಹಾದುಹೋಗುವ ಊರು. "ಹಂಗಾದ್ರೆ ನಮ್ ಕಡೆಯೋರೇ" ಎಂದು ಅವ್ವ ಸೆರಗು ಸರಿಮಾಡಿಕೊಂಡಳು, ಅವರು ಬಾಗಿಲಿಗೇ ಬಂದಂತೆ.

'ದುರ್ಗಾಸ್ತಮಾನ' ಬಂದದ್ದು 1982ರಲ್ಲಿ. ಅಷ್ಟರಲ್ಲಿ ನನಗೆ ಸಂಬಳ ಬರುತ್ತಿತ್ತು. ನಾನು ದುಡ್ಡು ಕೊಟ್ಟು ಕೊಂಡ ಮೊದಲ ದೊಡ್ಡ ಪುಸ್ತಕ. ಅಪ್ಪನ ಎರಡನೇ ಪಾಳಿಯ ವಾರಗಳಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಪುಟ. ದುರ್ಗವಾಳಿದ ಕೊನೆಯ ಮದಕರಿ ನಾಯಕ ಅವ್ವನಿಗೆ ಮಗನಂತಾಗಿಬಿಟ್ಟಿದ್ದ. ಅವನು ಯಾರನ್ನಾದರೂ ನಂಬಿದರೆ "ಬ್ಯಾಡ ಕಣೋ" ಎನ್ನುವಳು. ಆ ಚಿಂತೆಗೆ ನೆಲದ ನೆನಪೂ ಇತ್ತು. ಬೆಂಗಳೂರಿನ ಗಾಡಿ ಹಾದುಹೋಗುವ ಮಾಯಕೊಂಡದಲ್ಲೇ 1748ರಲ್ಲಿ ಅವನ ಹಿಂದಿನ ಹಿರೇ ಮದಕರಿ ನಾಯಕ ಯುದ್ಧದಲ್ಲಿ ಮಡಿದದ್ದು. ದುರ್ಗ 1779ರಲ್ಲಿ ಹೈದರನ ಕೈಸೇರಿತು ಎಂಬುದು ನಮ್ಮ ಸೀಮೆಯಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ.

ಕೋಟೆಗೆ ಮುತ್ತಿಗೆ ಬಿದ್ದು ಇನ್ನೇನು ಕೆಲವೇ ಪುಟ ಉಳಿದ ರಾತ್ರಿ ಅವ್ವ ಹಾಳೆಯ ಮೇಲೆ ಕೈಯಿಟ್ಟಳು. "ಇವತ್ತಿಗೆ ಇಲ್ಲಿಗೆ ನಿಲ್ಸಪ್ಪ." ಮರುದಿನ ಕೇಳಲಿಲ್ಲ. ಮುಂದಿನ ವಾರವೂ ಕೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. 1984ರಲ್ಲಿ ತ.ರಾ.ಸು. ತೀರಿಕೊಂಡರು, ಮರುವರ್ಷ ಅದೇ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ರಿಕೆಯ ಸುದ್ದಿಯನ್ನು ಓದಿ ಹೇಳಿದೆ. ಅವ್ವ ಬಾಗಿಲ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು:

"ನಾವು ನಿಲ್ಸಿದ ಕಡೆ ಅವ್ನು ಇನ್ನೂ ಇದಾನಲ್ಲ?"

"ಇದಾನವ್ವ" ಎಂದೆ.