ಮುಖ ಬದಲಿಸುವವರ ಊರಿನಲ್ಲಿ ಗುರುತಿನ ಚೀಟಿ

ಎಬೆರಾನ್‌ನಲ್ಲಿ ರಾಜರು ಬಡಪಾಯಿಗಳು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟ ಆಡುವವರಿಗಾಗಿ ಕೀತ್ ಬೇಕರ್ ಕಟ್ಟಿದ ಜಗತ್ತು ಇದು. 2002ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಕರೆದ ಸ್ಪರ್ಧೆಗೆ ಬಂದ 11,000ಕ್ಕೂ ಹೆಚ್ಚು ಪ್ರಸ್ತಾವಗಳ ನಡುವೆ ಗೆದ್ದು, 2004ರಲ್ಲಿ ಪುಸ್ತಕವಾಯಿತು. ಕಥೆಯ ಪ್ರಕಾರ ಗಲಿಫಾರ್ ಎಂಬ ಒಂದೇ ರಾಜ್ಯ ಐದು ಹೋಳಾಗಿ ನೂರು ವರ್ಷಕ್ಕೂ ಮೀರಿ ತನ್ನೊಳಗೇ ಕಾದಾಡುತ್ತದೆ. ಅದರಲ್ಲಿ ಸೈರ್ ಎಂಬ ಹೋಳು ಒಂದೇ ದಿನದಲ್ಲಿ ಸರ್ವನಾಶವಾಗುತ್ತದೆ. ಉಳಿದವರು ಹೆದರಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಅಷ್ಟೂ ಕಾಲ ಲಾಭದಲ್ಲಿದ್ದವರು ಯಾರು? ಎಲ್ಲ ಪಕ್ಷಗಳಿಗೂ ಯುದ್ಧಯಂತ್ರ ಮಾರಿದ ಕ್ಯಾನಿತ್ ಮನೆತನ. ಎಲ್ಲ ಪಕ್ಷಗಳ ಗಾಯಕ್ಕೂ ಕಾಸು ಎಣಿಸಿಕೊಂಡೇ ಮದ್ದು ಹಾಕಿದ ಜೊರಾಸ್ಕೊ ಮನೆತನ. ಯುದ್ಧ ಯಾರೂ ಗೆಲ್ಲಲಿಲ್ಲ ಎಂದು ಪುಸ್ತಕ ಹೇಳುತ್ತದೆ. ನನಗೆ ಹಾಗನ್ನಿಸುವುದಿಲ್ಲ.

ಇಂಥ ಮನೆತನಗಳ ಬಲವೆಲ್ಲ ಮೈಮೇಲಿನ ಮಾಂತ್ರಿಕ ಮಚ್ಚೆಯದು. ಮಚ್ಚೆ ಹನ್ನೆರಡು, ಮನೆತನ ಹದಿಮೂರು. ಲೆಕ್ಕ ತಪ್ಪಿಲ್ಲ. ನೆರಳಿನ ಮಚ್ಚೆ ಹೊತ್ತ ಎಲ್ಫ್‌ಗಳು ಯುದ್ಧದ ನಡುವೆ ಜಗಳವಾಡಿ ಫಿಯರ್ಲನ್, ಥುರಾನಿ ಎಂದು ಎರಡಾದರು. ಎರಡೂ ಮನೆಯವರದು ಹಾಡು-ಕುಣಿತದ ಕಸುಬು, ಜೊತೆಗೆ ಗೂಢಚಾರಿಕೆ. ಹಿಂದೆ ಹದಿಮೂರನೆಯ ಮಚ್ಚೆಯೂ ಒಂದಿತ್ತು, ಸಾವಿನದು. ಅದನ್ನು ಹೊತ್ತ ವೋಲ್ ವಂಶವನ್ನು ಎಲ್ಫ್‌ಗಳೂ ಡ್ರ್ಯಾಗನ್‌ಗಳೂ ಕೂಡಿಯೇ ಬೇರುಸಹಿತ ಕಿತ್ತರು.

ಮಚ್ಚೆ ಎಂದರೆ ಚರ್ಮದ ಮೇಲೆ ತಾನಾಗಿ ಮೂಡುವ ಬಣ್ಣದ ಚಿತ್ತಾರ, ಸಾಮಾನ್ಯವಾಗಿ ಹದಿಹರೆಯದಲ್ಲಿ. ಅದರ ಜೊತೆಗೇ ಒಂದು ಮಾಂತ್ರಿಕ ಕೈಗುಣ. ಕುಂಡರಾಕ್ ಡ್ವಾರ್ಫ್‌ಗಳಿಗೆ ಕಾಯುವ ಮಚ್ಚೆ, ಹಾಗಾಗಿ ಬ್ಯಾಂಕು ಅವರದು. ಓರಿಯನ್‌ಗೆ ಪಯಣದ ಮಚ್ಚೆ, ರೈಲು ಅವರದು. ಕಸುಬು ರಕ್ತದಲ್ಲೇ ಬರುತ್ತದೆ ಎನ್ನುವ ಈ ಏರ್ಪಾಡನ್ನು ಓದುವಾಗ ಭಾರತದ ಓದುಗನಿಗೆ ಒಳಗೊಳಗೇ ಏನೋ ಚುಚ್ಚುತ್ತದೆ. ಆ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಒಂದನ್ನಷ್ಟೇ ಗುರುತು ಹಾಕಿಕೊಂಡೆ: ಹಿಂದಿನ ಕಾಲದಲ್ಲಿ ಮನೆತನದಿಂದ ಹೊರಹಾಕುವಾಗ ಮಚ್ಚೆಯಿರುವ ಚರ್ಮವನ್ನೇ ಸುಲಿಯುತ್ತಿದ್ದರಂತೆ.

ಕೋರ್ಥ್ ಶಾಸನದ ಪ್ರಕಾರ ಈ ಮನೆತನಗಳು ಭೂಮಿ ಹೊಂದುವಂತಿಲ್ಲ, ಅರಸೊತ್ತಿಗೆಯ ಬಿರುದು ಇಟ್ಟುಕೊಳ್ಳುವಂತಿಲ್ಲ, ರಾಜಮನೆತನದಲ್ಲಿ ಸಂಬಂಧ ಬೆಳೆಸುವಂತಿಲ್ಲ. ಬ್ಯಾಂಕು, ಅಂಚೆ, ಆಸ್ಪತ್ರೆ, ರೈಲು ಕೈಯಲ್ಲಿದ್ದವರಿಗೆ ಭೂಮಿ ಯಾಕೆ ಬೇಕು?

ಇನ್ನು ಈ ಜಗತ್ತಿನ ಮುಖ ಬದಲಿಸುವ ಜನ, ಚೇಂಜ್ಲಿಂಗ್‌ಗಳು. ಬೂದು ಮೈ, ಬಣ್ಣವಿಲ್ಲದ ಕಣ್ಣು. ಇಷ್ಟಪಟ್ಟರೆ ಎದುರಿಗಿರುವ ನಿಮ್ಮದೇ ಮುಖ. ಬಟ್ಟೆ ಮಾತ್ರ ಬದಲಾಗುವುದಿಲ್ಲ, ಅದಕ್ಕೆ ಅಂಗಡಿಗೇ ಹೋಗಬೇಕು. ಈ ಸಣ್ಣ ನಿಯಮ ನನಗೆ ತುಂಬಾ ಹಿಡಿಸಿತು. ಸತ್ತಾಗ ನಿಜರೂಪ ಮರಳುತ್ತದೆ ಎಂಬ ನಿಯಮವೂ ಇದೆ. ರಾಮಾಯಣದಲ್ಲಿ ಬಾಣ ತಗುಲಿದ ಮಾರೀಚನಿಗೂ ಹಾಗೇ ಆಯಿತು. ಕಾಮರೂಪಿಗಳಿಗೆ ಕೊನೆಯ ಗಳಿಗೆಯಲ್ಲಿ ವಿನಾಯಿತಿ ಇಲ್ಲವೆಂದು ಎರಡೂ ಕಡೆಯವರು ಯಾಕೆ ಹಟ ಹಿಡಿದರೋ!

2005ರ ಒಂದು ಪುಸ್ತಕ ಇವರಲ್ಲಿ ಮೂರು ಒಳಪಂಗಡ ಹೇಳುತ್ತದೆ. ಒಂದೇ ಮುಖ ತೊಟ್ಟು ಬೇರೆ ಜನರ ನಡುವೆ ಬಾಳುವವರು, ದಿನಕ್ಕೊಂದು ಮುಖ ತೊಡುವವರು, ನಿಜಸ್ಥಿತಿ ಯಾವುದೆಂದು ಹುಡುಕುವವರು. ಮೊದಲಿನವರೇ ನನಗೆ ಒಗಟು. ಜೀವಮಾನವಿಡೀ ಒಂದೇ ಮುಖದಲ್ಲಿ ಬದುಕಿದರೆ ಅದು ವೇಷವೇ? 2022ರ ಹೊಸ ಪುಸ್ತಕವಂತೂ ಚೇಂಜ್ಲಿಂಗ್‌ಗಳ ಮೂಲವನ್ನೇ ಬದಲಿಸಿ, ಅವರನ್ನು ಯಕ್ಷಲೋಕದ ಕಡೆಯವರನ್ನಾಗಿ ಮಾಡಿತು. ಕಾಮರೂಪಿಗಳ ವಂಶಾವಳಿಯೇ ರೂಪ ಬದಲಿಸಿದೆ. ದೂರುವುದು ಹೇಗೆ?

ಗುರುತಿನ ಚೀಟಿ ಕೊಡುವವರು ಸಿವಿಸ್ ಮನೆತನದ ನೋಮ್‌ಗಳು. ಚೀಟಿಯಲ್ಲಿ ಚಿತ್ರ, ಮೇಲೆ ಮಾಂತ್ರಿಕ ಮುದ್ರೆ. ಚಿತ್ರಕ್ಕೆ ಹೊಂದುವ ಮುಖ ತರುವುದು ಚೇಂಜ್ಲಿಂಗ್‌ಗೆ ಮಕ್ಕಳಾಟ. ಮಚ್ಚೆಯ ಚಿತ್ತಾರವನ್ನೂ ಮೈಮೇಲೆ ತಂದುಕೊಳ್ಳಬಲ್ಲರು, ಅದರ ಶಕ್ತಿ ಮಾತ್ರ ಬಾರದು. ಅಲ್ಲಿಗೆ ನನಗೊಂದು ಅನುಮಾನ ಗಟ್ಟಿಯಾಯಿತು. ಇವರನ್ನು ಕಂಡರೆ ಊರಿಗೆ ಭಯವಿರುವುದು ಇವರು ಸುಳ್ಳು ಹೇಳುತ್ತಾರೆಂದಲ್ಲ. ಸುಳ್ಳು ಎಲ್ಲರೂ ಹೇಳುತ್ತಾರೆ. ಆದರೆ ಇಡೀ ಅಧಿಕಾರವೇ ಮೈಮೇಲಿನ ಗುರುತಿನ ಮೇಲೆ ನಿಂತಿರುವಾಗ, ಮೈಯೇ ನಂಬಿಕೆಗೆ ಅರ್ಹವಲ್ಲ ಎಂದು ಇವರು ಬರೀ ಇರುವುದರಿಂದಲೇ ತೋರಿಸಿಕೊಡುತ್ತಾರೆ.

ಹೋಲಿಕೆಗೆ ಸಿಜಿಲ್ ನೋಡಿದೆ, ಅದೇ ಆಟದ ಇನ್ನೊಂದು ಜಗತ್ತಾದ 1994ರ ಪ್ಲೇನ್‌ಸ್ಕೇಪ್‌ನ ಬಳೆಯಾಕಾರದ ನಗರ. ಅಲ್ಲಿ ಹದಿನೈದು ಪಂಥಗಳು, ಸೇರಲು ರಕ್ತ ಬೇಕಿಲ್ಲ, ಒಪ್ಪುವ ತತ್ವ ಸಾಕು. ನಾವೆಲ್ಲ ಆಗಲೇ ಸತ್ತಿದ್ದೇವೆ ಎನ್ನುವ ಡಸ್ಟ್‌ಮೆನ್ ಹೆಣದ ಮನೆ ನಡೆಸುತ್ತಾರೆ. ದಕ್ಕಿದ್ದೆಲ್ಲ ದಕ್ಕಿಸಿಕೊಂಡವನದು ಎನ್ನುವ ಫೇಟೆಡ್ ಪಂಥದವರು ತೆರಿಗೆ ವಸೂಲಿ ಮಾಡುತ್ತಾರೆ. (ಈ ಹಂಚಿಕೆ ಮಾಡಿದವರಿಗೆ ಸರ್ಕಾರಿ ಕಚೇರಿಗಳ ಅನುಭವ ಇದ್ದಿರಲೇಬೇಕು.) ಇವರೆಲ್ಲರ ಮೇಲೆ ಊರಿನ ಒಡತಿ ಲೇಡಿ ಆಫ್ ಪೇನ್. ಆಕೆ ಮಾತಾಡುವುದಿಲ್ಲ, ಪೂಜಿಸಿದವರನ್ನು ಕೊಲ್ಲುತ್ತಾಳೆ. ಇಂಥ ಊರಿನಲ್ಲಿ ಮುಖ ಬದಲಿಸುವವನಿಗೆ ಯಾರು ಹೆದರುತ್ತಾರೆ? ಅಭಿಪ್ರಾಯ ಬದಲಿಸುವವನೇ ಅಲ್ಲಿ ಅಪಾಯಕಾರಿ.

ಇನ್ನೊಂದು ಹೋಲಿಕೆ, ಮ್ಯಾಜಿಕ್ ಎಂಬ ಕಾರ್ಡ್ ಆಟದ ರಾವ್ನಿಕಾ ಜಗತ್ತು. ಅಲ್ಲಿ ಹತ್ತೇ ಸಂಘ ಯಾಕೆ? ಆ ಆಟದಲ್ಲಿ ಐದು ಬಣ್ಣ, ಎರಡೆರಡರ ಜೋಡಿ ಹತ್ತು. ರಾಜಕೀಯವಲ್ಲ, ಗಣಿತ. ಅಲ್ಲಿನ ಗುಪ್ತ ಸಂಘ ಡಿಮಿರ್‌ಗೆ ಲಜಾವ್ ಎಂಬ ರೂಪ ಬದಲಿಸುವವನೇ ಯಜಮಾನ.

ಮತ್ತೆ ಎಬೆರಾನ್. ಶಾರ್ನ್ ನಗರದಲ್ಲಿ ಟೈರಂಟ್ಸ್ ಎಂಬ ಕೂಟವಿದೆ, ಬಹುತೇಕ ಚೇಂಜ್ಲಿಂಗ್‌ಗಳೇ. ಗುಟ್ಟು ಮಾರುವುದು, ವೇಷ ಮಾರುವುದು ಅವರ ಕಸುಬು. ಗುರುತಿಗೆ ಸಿಕ್ಕದ ಜನ ಗುರುತನ್ನೇ ಸರಕಾಗಿಸಿ ತಾವೂ ಒಂದು ಮನೆತನದಂತೆ ಕೂತಿದ್ದಾರೆ, ಮಚ್ಚೆಯೊಂದಿಲ್ಲ ಅಷ್ಟೆ. ಅವರ ಕೂಟಕ್ಕೆ ಹೊಸದಾಗಿ ಸೇರಲು ಬಂದವನನ್ನು, ಅವನು ತಮ್ಮವನೇ ಹೌದೆಂದು, ಬಾಗಿಲಲ್ಲಿ ನಿಂತವರು ಹೇಗೆ ಪರೀಕ್ಷಿಸುತ್ತಾರೆ? ಮುಂದಿನ ಸಲ ಆಟ ನಡೆಸುವವರನ್ನು ಕೇಳಬೇಕು.