ಬರಿಯ ಕಲ್ಲೆಂದು ಬಗೆದ ನೆಲ

ಕಳೆದ ಚಾತುರ್ಮಾಸ್ಯದ ದಿನಗಳಲ್ಲಿ ನಾನು ದಕ್ಷಿಣ ಆಫ್ರಿಕಾದ ವಾಯವ್ಯ ಮೂಲೆಯ ನಮಾಕ್ವಾಲ್ಯಾಂಡ್ ಎಂಬ ಅರೆಮರುಭೂಮಿಯಲ್ಲಿ ಕುದುರೆಯೇರಿ ಸಂಚರಿಸುತ್ತಿದ್ದೆನೆಂದರೆ ವಾಚಕರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕಿಯಾರು. ನನ್ನ ತಾಯಿಯವರು ನಾನು ಹೊರಡುವ ಮೊದಲೇ ಗಂಟಿಕ್ಕಿದ್ದರು. "ಮಳೆಗಾಲದಲ್ಲಿ ಮುನಿಗಳೇ ವಿಹಾರ ನಿಲ್ಲಿಸಿ ಒಂದೆಡೆ ಇರುತ್ತಾರೆ. ನೀನು ಕುದುರೆ ಹತ್ತಿ ಹೂವು ತುಳಿಯಲು ಅಷ್ಟು ದೂರ ಹೋಗಬೇಕೇ ಮಗಾ?" ಎಂದರು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಆಗಸ್ಟ್ ಕೊನೆಗೆ ಅದು ಮುಗಿಯುತ್ತ ಬರುತ್ತದೆ ಎಂದು ಸಮಜಾಯಿಷಿ ಹೇಳಿದೆ. ಅದು ಉತ್ತರವಲ್ಲವೆಂದು ನನಗೂ ತಿಳಿದಿತ್ತು, ಅವರಿಗೂ.

ನಾನು ನಿವೃತ್ತ ಪಶುವೈದ್ಯ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯಲ್ಲಿ ಸವಾರಿ ಕಲಿತವನು. ಕೇಪ್‌ಟೌನಿನಲ್ಲಿರುವ ಮಗ ಕರೆದಾಗ ಹಳೆಯ ಆಸೆಯೊಂದು ತಲೆಯೆತ್ತಿತು. ಕುದುರೆಯ ಬೆನ್ನಿನ ಮೇಲೆ ಎಷ್ಟು ಭಾರ ನ್ಯಾಯ, ಜೀನು ಎಲ್ಲಿ ಒತ್ತುತ್ತದೆ ಎಂಬುದೆಲ್ಲ ಬಲ್ಲೆನೆಂಬ ಧೈರ್ಯವೂ ಇತ್ತು.

ಮೊದಲ ಎರಡು ದಿನ ಕಾಮೀಸ್‌ಕ್ರೂನ್ ಎಂಬ ಪುಟ್ಟ ಊರಿನ ಸುತ್ತ. ಆ ದೃಶ್ಯವನ್ನು ವರ್ಣಿಸಲು ನಾನು ಅಶಕ್ತ. ಕಣಿವೆಗಳ ತುಂಬ ಕಿತ್ತಳೆ ಬಣ್ಣದ ಡೇಸಿ ಹೂಗಳು; ನಡುನಡುವೆ ಹಳದಿ, ಬಿಳಿ, ನೇರಳೆ. ಬಿಸಿಲೇರಿದ ಮೇಲೆ ಅರಳಿ ಸೂರ್ಯನತ್ತ ಮುಖ ಮಾಡುವ ಇವು ಮೋಡ ಕವಿದರೆ ಮುಚ್ಚಿಕೊಳ್ಳುತ್ತವೆ. ಅಲ್ಲಿ ಸೂರ್ಯನು ಉತ್ತರದ ಆಕಾಶದಲ್ಲಿ ಸಾಗುವುದರಿಂದ, ಉತ್ತರದಿಂದ ದಕ್ಷಿಣಕ್ಕೆ ಹೋಗುವವನಿಗೆ ಹೂಗಳ ಮುಖ ಕಾಣುತ್ತದೆ. ಎದುರು ದಿಕ್ಕಿನಲ್ಲಿ ಹೊರಟವನಿಗೆ ಬೆನ್ನು. ತಾಯಿಯವರ ಮಾತು ಕಿವಿಯಲ್ಲಿದ್ದುದರಿಂದ ನಾನು ಲಗಾಮನ್ನು ಬಿಗಿಯಾಗಿ ಹಿಡಿದು, ಗಾಡಿಯ ಜಾಡನ್ನು ಬಿಟ್ಟು ಒಂದು ಗೊರಸೂ ಅತ್ತಿತ್ತ ಹೋಗದಂತೆ ನಡೆಸಿದೆ. ನನ್ನ ಎಚ್ಚರದ ಬಗ್ಗೆ ನನಗೇ ಮೆಚ್ಚುಗೆ ಮೂಡಿತ್ತೆಂಬುದನ್ನು ಮರೆಮಾಚಲಾರೆ.

ಜೊತೆಗಿದ್ದ ಮಾರ್ಗದರ್ಶಕಿ ನಕ್ಕು ಒಂದು ಮಾತು ಹೇಳಿದಳು. ಇಷ್ಟು ದಟ್ಟವಾಗಿ ಹೂವು ಹಾಸುವುದು ಬಹುಮಟ್ಟಿಗೆ ಹಿಂದೆ ಗೋಧಿಗಾಗಿ ಉತ್ತು, ಆಮೇಲೆ ಬೀಳುಬಿಟ್ಟ ಹೊಲಗಳಲ್ಲಿ. ನೇಗಿಲು ಬಹುವಾರ್ಷಿಕ ಪೊದೆಗಳನ್ನು ಕಿತ್ತೊಗೆದ ಜಾಗದಲ್ಲಿ ವರ್ಷಕ್ಕೊಮ್ಮೆ ಹುಟ್ಟಿ ಸಾಯುವ ಈ ಗಿಡಗಳು ನುಗ್ಗುತ್ತವೆ. ಜನರು ದೂರದೂರದಿಂದ ನೋಡಬರುವ ಆ ಚೆಲುವು ಗಾಯಗೊಂಡ ನೆಲದ್ದು! ಆ ಮಾತು ನನ್ನನ್ನು ತಟ್ಟಿತು. ಆದರೆ ಅದರ ಇನ್ನೊಂದು ಮಗ್ಗುಲನ್ನು ನಾನು ಯೋಚಿಸಲಿಲ್ಲ.

ಮೂರನೆಯ ದಿನ ದಕ್ಷಿಣಕ್ಕೆ ಇಳಿದು, ವಾನ್‌ರೈನ್ಸ್‌ಡಾರ್ಪ್ ಬಳಿಯ ಕ್ನರ್ಸ್‌ಫ್ಲಾಕ್ಟೆ ಎಂಬ ಬಯಲನ್ನು ತಲುಪಿದೆವು. ಹಿಂದಿನ ಕಾಲದ ಬಂಡಿಗಳ ಚಕ್ರಗಳು ಕಲ್ಲಿನ ಮೇಲೆ ಹಲ್ಲು ಕಡಿದಂತೆ ಸದ್ದು ಮಾಡುತ್ತಿದ್ದುದರಿಂದ ಈ ಹೆಸರೆಂದು ಹೇಳುತ್ತಾರೆ. ಕಣ್ಣು ಹಾಯುವಷ್ಟು ದೂರ ಬಿಳಿಯ ಬೆಣಚುಕಲ್ಲಿನ ಚೂರುಗಳು, ಹೂವಿಲ್ಲ, ಹುಲ್ಲಿಲ್ಲ. ಎರಡು ದಿನ ಬಿಗಿಹಿಡಿದ ಕೈಗೂ ಬಿಗಿಹಿಡಿಸಿಕೊಂಡ ಕುದುರೆಗೂ ಸ್ವಲ್ಪ ಬಿಡುವಿರಲೆಂದು ಲಗಾಮು ಸಡಿಲಿಸಿದೆ. ಅದು ಸಂತೋಷದಿಂದ ಜಾಡು ಬಿಟ್ಟು ಕಲ್ಲುಗಳ ಮೇಲೆ ಹತ್ತಾರು ಹೆಜ್ಜೆ ಹಾಕಿತು.

"ನಿಲ್ಲಿ, ಅಲ್ಲೇ ನಿಲ್ಲಿ" ಎಂದು ಹಿಂದಿನಿಂದ ಕೂಗು ಬಂತು. ಇಳಿಯಲು ಕಾಲೆತ್ತಿದವನು ಕೆಳಗೆ ನೋಡಿದೆ. ಕಲ್ಲುಗಳ ನಡುವೆ ಗುಂಡಿಗಳಷ್ಟು, ಬೆರಳ ತುದಿಯಷ್ಟು ಬೂದುಹಸುರು ಉಂಡೆಗಳಿದ್ದವು. ಒಂದೊಂದೂ ಒಂದು ಸಸ್ಯ. ಎರಡೇ ಎಲೆ, ಒಳಗೆಲ್ಲ ಕೂಡಿಟ್ಟ ನೀರು. ಬಿಳಿಕಲ್ಲು ಬಿಸಿಲನ್ನು ಹಿಂದಕ್ಕೆ ಚಿಮ್ಮಿಸಿ ನೆಲವನ್ನು ತುಸು ತಂಪಾಗಿಡುವುದರಿಂದ ಅವು ಅಲ್ಲಿ ಬದುಕಿವೆ. ಅವುಗಳ ಬೀಜಕೋಶ ಒಣಗಿದ್ದಾಗ ಬಿಗಿದುಕೊಂಡಿದ್ದು, ಮಳೆಹನಿ ಬಿದ್ದಾಗ ಮಾತ್ರ ಬಾಯ್ದೆರೆದು ಬೀಜವನ್ನು ಸಿಡಿಸುತ್ತದೆ. ಬೆಳವಣಿಗೆ ಬಹಳ ನಿಧಾನ. ಇಲ್ಲಿಯ ಕೆಲವು ಜಾತಿಗಳು ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲ. 2019ರಿಂದೀಚೆಗೆ ಇಂಥ ಕುಬ್ಜ ಸಸ್ಯಗಳನ್ನು ಅಲಂಕಾರಕ್ಕಾಗಿ ಲಕ್ಷಗಟ್ಟಲೆ ಕಿತ್ತು ಕಳ್ಳಸಾಗಣೆ ಮಾಡಿದ್ದಾರೆ. ಆದ್ದರಿಂದಲೇ ನಾವಿದ್ದ ತೋಟದ ಗುರುತನ್ನು ಇಲ್ಲಿ ಹೇಳಿಲ್ಲ.

ನಮ್ಮ ಕುದುರೆ ನಡೆದಲ್ಲೆಲ್ಲ ಆ ಉಂಡೆಗಳು ಅಪ್ಪಚ್ಚಿಯಾಗಿ, ಒಳಗಿನ ನೀರು ಕಲ್ಲಿನ ಮೇಲೆ ಹೊಳೆಯುತ್ತಿತ್ತು.

ಮುನಿಗಳು ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆಂದು ಬಾಲ್ಯದಿಂದ ಕೇಳಿದ್ದೆ. ಕುದುರೆಯ ಮೇಲೆ ಕುಳಿತವನಿಗೆ ಕಾಣುವುದು ದಿಗಂತವೇ ಹೊರತು ಆ ನಾಲ್ಕು ಮೊಳವಲ್ಲ. ಮಳೆ ಬಂದೊಡನೆ ಮತ್ತೆ ಹುಟ್ಟಬಲ್ಲ ಹೂವಿನ ಮುಂದೆ ಕೈ ಬಿಗಿಹಿಡಿದಿದ್ದೆ. ನೇಗಿಲು ಮುಟ್ಟದ ಹಳೆಯ ನೆಲದಲ್ಲಿ ಸಡಿಲಬಿಟ್ಟಿದ್ದೆ. ಏಕೇಂದ್ರಿಯ ಜೀವಿಗಳ ಮೇಲೆ ನನಗಿದ್ದ ದಯೆ ಬಣ್ಣ ನೋಡಿ ಹುಟ್ಟಿದ್ದೇ ಎಂದು ಯೋಚಿಸಿದಾಗ ನಾಚಿಕೆಯಾಯಿತು. ಮಾರ್ಗದರ್ಶಕಿ ನನ್ನನ್ನು ಗದರಲಿಲ್ಲ, ಗದರಿದ್ದರೆ ಲೇಸಾಗುತ್ತಿತ್ತು. ಬಂದ ಗೊರಸಿನ ಗುರುತಿನ ಮೇಲೆಯೇ ಕುದುರೆಯನ್ನು ಒಂದೊಂದಾಗಿ ಹೆಜ್ಜೆಯಿಡಿಸಿ ಹಿಂದಕ್ಕೆ ನಡೆಸಿದೆವು. ಆ ಹತ್ತಾರು ಹೆಜ್ಜೆಗೆ ಅರ್ಧ ಗಂಟೆ ಹಿಡಿಯಿತು. ಉಳಿದ ದಾರಿಯನ್ನು ಲಗಾಮು ಹಿಡಿದು, ಜಾಡಿನಲ್ಲೇ ನಡೆದು ಮುಗಿಸಿದೆ.

ಸಂಜೆ ನಾಲ್ಕೂವರೆಗೆ ಮನೆಗೆ ಫೋನು ಮಾಡಿದೆ. ನಮ್ಮೂರಿನಲ್ಲಿ ಆಗ ರಾತ್ರಿ ಎಂಟು. ನಡೆದುದನ್ನೆಲ್ಲ ಹೇಳಿದೆ.

"ಎಷ್ಟು?" ಎಂದು ಕೇಳಿದರು.

"ಎಣಿಸಿದ್ದು ಹನ್ನೊಂದು, ಅಮ್ಮ."

"ಎಣಿಸಲು ಸಿಗದ್ದು?"

ನಾನು ಸುಮ್ಮನಿದ್ದೆ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, ಅಲ್ಲಿ ಇನ್ನೂ ಹೊತ್ತು ಮುಳುಗಿಲ್ಲವಲ್ಲ, ಅಷ್ಟರೊಳಗೆ ಊಟ ಮುಗಿಸು ಎಂದರು. ಕುದುರೆಗೆ ನೀರು ಕುಡಿಸಿದೆಯಾ ಎಂದೂ ವಿಚಾರಿಸಿದರು.