ಚೆನ್ನಾಗಿ ಮಾತಾಡ್ತಾರೆ, ಸರಿ. ಆಮೇಲೆ?

'ಕಮ್ಯುನಿಕೇಶನ್ಸ್ ಮ್ಯಾನೇಜರ್ ಅಂದ್ರೆ ಏನು ಕೆಲಸ?' ಅಂತ ನಮ್ಮತ್ತೆ ಕೇಳಿದರು. 'ಸಂಸ್ಥೆ ಪರವಾಗಿ ಹೊರಗಿನವರ ಹತ್ತಿರ ಮಾತಾಡೋದು ಅತ್ತೆ' ಅಂದೆ. 'ಓ, ಮಾತಾಡೋಕೂ ಸಂಬಳ ಕೊಡ್ತಾರಾ!' ಅಂತ ನಕ್ಕರು. ನಾನೂ ನಕ್ಕೆ. ಆದರೆ ಆ ಕೆಲಸಕ್ಕೆ ಜನರನ್ನು ಆರಿಸುವ ಜವಾಬ್ದಾರಿ ನನ್ನ ಮೇಲೇ ಬಂದಾಗ, ಅತ್ತೆಯ ಮಾತಿನಲ್ಲೇ ದೊಡ್ಡ ಪ್ರಶ್ನೆ ಇದೆ ಅನ್ನಿಸಿತು. ಮಾತಾಡುವ ಕೆಲಸಕ್ಕೆ ಬರುವವರೆಲ್ಲ ಚೆನ್ನಾಗಿಯೇ ಮಾತಾಡ್ತಾರೆ. ಹಾಗಾದರೆ ಆರಿಸೋದು ಹೇಗೆ?

ನಾನು ಬೆಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಯ ಟ್ರಸ್ಟ್‌ನಲ್ಲಿ ಹಳ್ಳಿ ಶಿಬಿರಗಳನ್ನು ನೋಡಿಕೊಳ್ಳುತ್ತೇನೆ. ಹೊಸದಾಗಿ ಬರುವವರು ಹೆಚ್ಚಾಗಿ ನನ್ನ ತಂಡದ ಜೊತೆಗೇ ಕೆಲಸ ಮಾಡಬೇಕಿತ್ತು. ಹಾಗಾಗಿ ನಿರ್ದೇಶಕರು, ಎಚ್‌ಆರ್ ಮತ್ತು ನಾನು, ಮೂವರ ಪ್ಯಾನೆಲ್ ಆಯಿತು. ನೂರಕ್ಕೂ ಹೆಚ್ಚು ಅರ್ಜಿ ಬಂದವು. ಫೋನಿನಲ್ಲಿ ಮಾತಾಡಿ ಸೋಸಿ, ಕೊನೆಗೆ ಆರು ಜನರನ್ನು ಆಫೀಸಿಗೆ ಕರೆದೆವು.

ಈ ಕೆಲಸದಲ್ಲಿ ಒಂದೇ ವಿಷಯವನ್ನು ಮೂರು ಥರದ ಜನಕ್ಕೆ ಹೇಳಬೇಕು. ಪೊರೆ ಆಪರೇಷನ್ ಮಾಡಿಸಿದರೆ ಇರೋ ದೃಷ್ಟಿಯೂ ಹೋಗುತ್ತೆ ಅಂತ ಹೆದರುವ ಅಜ್ಜಿಗೆ ಹೇಳಬೇಕು. ದುಡ್ಡು ಕೊಟ್ಟ ಕಂಪನಿಯ ಸಿಎಸ್‌ಆರ್ ವಿಭಾಗಕ್ಕೆ ಹೇಳಬೇಕು. ಸಂಜೆ ಡೆಡ್‌ಲೈನ್ ಇಟ್ಟುಕೊಂಡು ಫೋನ್ ಮಾಡುವ ವರದಿಗಾರನಿಗೂ ಹೇಳಬೇಕು. ಹೇಳುವ ರೀತಿ ಬೇರೆ ಬೇರೆ ಇರಬಹುದು, ಸತ್ಯ ಮಾತ್ರ ಬದಲಾಗಬಾರದು.

'ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಮಾತಾಡೋಣ, ಗೊತ್ತಾಗಿಬಿಡುತ್ತೆ' ಅಂದರು ನಿರ್ದೇಶಕರು. ನನಗೆ ಒಪ್ಪಿಗೆಯಾಗಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಒಂದು ವಿಷಯ ಗುರುತಿಸಿದ್ದರು. ಸೇನೆಯಲ್ಲಿ ಮೇಲಧಿಕಾರಿಗಳು ಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿದಾಗ, ಒಂದು ಗುಣದಲ್ಲಿ ಮೆಚ್ಚಿಗೆಯಾದವನಿಗೆ ಸಂಬಂಧವೇ ಇಲ್ಲದ ಬೇರೆ ಗುಣಗಳಲ್ಲೂ ಒಳ್ಳೆಯ ಅಂಕ ಬಿದ್ದಿತ್ತು. ಇದಕ್ಕೆ ಅವರು ಕೊಟ್ಟ ಹೆಸರು ಹೇಲೋ ಎಫೆಕ್ಟ್. ದೇವರ ಫೋಟೋದಲ್ಲಿ ತಲೆ ಹಿಂದೆ ಇರುತ್ತಲ್ಲ, ಆ ಪ್ರಭಾವಳಿಯ ಥರ. ಅಕೌಂಟೆಂಟ್ ಎಷ್ಟೇ ಚೆನ್ನಾಗಿ ಮಾತಾಡಿದರೂ ಲೆಕ್ಕ ಬರುತ್ತಾ ಅಂತ ಕೇಳೇ ಕೇಳ್ತೀವಿ. ಈ ಹುದ್ದೆಯಲ್ಲಿ ಹಾಗಲ್ಲ, ಚೆನ್ನಾಗಿ ಮಾತಾಡಿದರೆ ಅದೇ ಕೆಲಸ ಅನ್ನಿಸಿಬಿಡುತ್ತೆ.

ಇನ್ನೊಂದು ಉದಾಹರಣೆಯನ್ನೂ ಮುಂದಿಟ್ಟೆ. ಮುಂದೆ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಡೇನಿಯಲ್ ಕಾನಮನ್, 1955ರಲ್ಲಿ ಇಸ್ರೇಲ್ ಸೇನೆಯಲ್ಲಿದ್ದರು. ಆಗ ಅವರಿಗೆ 21 ವರ್ಷ. ಹೊಸ ಸೈನಿಕರ ಸಂದರ್ಶನವನ್ನು ಸರಿಪಡಿಸುವ ಕೆಲಸ ಅವರಿಗೆ ಸಿಕ್ಕಿತು. ಆರು ಗುಣ ಆರಿಸಿ, ಒಂದೊಂದಕ್ಕೂ ನಿರ್ದಿಷ್ಟ ಪ್ರಶ್ನೆ ಕೇಳಿ, ಒಂದಕ್ಕೆ ಅಂಕ ಹಾಕಿದ ಮೇಲೇ ಮುಂದಿನದಕ್ಕೆ ಹೋಗಿ ಅಂದರು. ಸಂದರ್ಶಕರು ಮುನಿಸಿಕೊಂಡರು, ನಮ್ಮನ್ನು ಯಂತ್ರ ಮಾಡ್ತಿದ್ದೀರಿ ಅಂತ. ಸರಿ, ಎಲ್ಲ ಅಂಕ ಹಾಕಿದ ಮೇಲೆ ಕಣ್ಣು ಮುಚ್ಚಿ ನಿಮ್ಮ ಅನಿಸಿಕೆಗೂ ಒಂದು ಅಂಕ ಕೊಡಿ ಅಂದರು ಕಾನಮನ್. ಹೊಸ ಪದ್ಧತಿ ಹಳೆಯದಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡಿತು. ತಮಾಷೆಯೆಂದರೆ, ಕೊನೆಯ ಆ ಅನಿಸಿಕೆಯ ಅಂಕವೂ ಅಷ್ಟೇ ಉಪಯೋಗಕ್ಕೆ ಬಂತು. ಬಿಡಿಬಿಡಿಯಾಗಿ ಯೋಚಿಸಿದ ಮೇಲೆ ಬಂದ ಅನಿಸಿಕೆ ಅಲ್ವಾ ಅದು!

'ಆಯ್ತಮ್ಮ, ನಿನ್ನ ಥರಾನೇ ಮಾಡೋಣ' ಅಂದರು ನಿರ್ದೇಶಕರು.

ಐದು ವಿಷಯ ಇಟ್ಟುಕೊಂಡೆವು: ಕನ್ನಡ ಬರವಣಿಗೆ, ಇಂಗ್ಲಿಷ್‌ನಲ್ಲಿ ಮಾತು-ಬರವಣಿಗೆ, ವಿಷಯ ಕೇಳಿ ತಿಳಿದುಕೊಳ್ಳುವುದು, ಕಷ್ಟದ ಹೊತ್ತಿನಲ್ಲಿ ತೀರ್ಮಾನ, ಬೇರೆ ವಿಭಾಗದವರ ಜೊತೆ ಹೊಂದಾಣಿಕೆ. ಒಂದೊಂದಕ್ಕೆ 5 ಅಂಕ. ಎಲ್ಲರಿಗೂ ಅವೇ ಪ್ರಶ್ನೆ. ಮೂವರೂ ಅಂಕ ಬರೆದಿಡುವ ತನಕ ಯಾರ ಬಗ್ಗೆಯೂ ಪರಸ್ಪರ ಮಾತಾಡುವಂತಿಲ್ಲ.

ಜೊತೆಗೊಂದು ಪರೀಕ್ಷೆ. ಮಧ್ಯಾಹ್ನ 3 ಗಂಟೆ ಅಂದುಕೊಳ್ಳಿ. ನಮ್ಮ ಶಿಬಿರದಲ್ಲಿ ಆಪರೇಷನ್ ಆದ ಮೂವರಿಗೆ ಕಣ್ಣಿನ ಸೋಂಕು ಅಂತ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ನೋಟ್ ಓಡಾಡ್ತಿದೆ. 4 ಗಂಟೆಗೆ ವರದಿಗಾರರು ಫೋನ್ ಮಾಡ್ತಾರೆ. ಅಷ್ಟರಲ್ಲಿ ವರದಿಗಾರರಿಗೆ, ರೋಗಿಗಳಿಗೆ, ನಮ್ಮ ಸಿಬ್ಬಂದಿಗೆ ಒಂದೊಂದು ಸಂದೇಶ ಬರೆಯಬೇಕು. ಇದು ಪೂರ್ತಿ ಕಾಲ್ಪನಿಕ, ಒಂದೇ ಗಂಟೆಯ ಕೆಲಸ, ನೀವು ಬರೆದದ್ದನ್ನು ನಾವು ಎಲ್ಲೂ ಬಳಸಲ್ಲ ಅಂತ ಮೊದಲೇ ಹೇಳಿದೆವು. 'ಅಸೈನ್‌ಮೆಂಟ್' ಹೆಸರಲ್ಲಿ ಒಂದು ತಿಂಗಳ ಸೋಶಿಯಲ್ ಮೀಡಿಯಾ ಪ್ಲಾನ್ ಬರೆಸಿಕೊಂಡು, ಆಮೇಲೆ ಫೋನ್ ಎತ್ತದ ಕಂಪನಿಯ ಅನುಭವ ನನ್ನ ಚಿಕ್ಕಪ್ಪನ ಮಗಳಿಗೇ ಆಗಿತ್ತು. ಚಾಟ್‌ಜಿಪಿಟಿ ಬಳಸಬಹುದಾ ಅಂತ ಒಬ್ಬರು ಕೇಳಿದರು. ಬಳಸಿ, ಆದರೆ ಪ್ರತಿ ವಾಕ್ಯ ಯಾಕಿದೆ ಅಂತ ಕೇಳ್ತೀವಿ ಅಂದೆವು.

ಆರೂ ಜನರ ಕತೆ ಬೇಡ, ನಾಲ್ವರದ್ದು ಸಾಕು.

ಮೊದಲನೆಯವರು ಜಾಹೀರಾತು ಏಜೆನ್ಸಿಯಿಂದ ಬಂದವರು. ಇಂಗ್ಲಿಷ್ ಅಂದರೆ ಹರಿಯುವ ನೀರು. ಟೈಲೆನಾಲ್ ಪ್ರಕರಣವನ್ನು ಸೊಗಸಾಗಿ ವಿವರಿಸಿದರು. 1982ರಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಮಾತ್ರೆಯಲ್ಲಿ ಸಯನೈಡ್ ಬೆರೆಸಿ ಏಳು ಜನ ಸತ್ತಿದ್ದರು. ಅದನ್ನು ಬಳಸಬೇಡಿ ಅಂತ ಕಂಪನಿಯೇ ಜನಕ್ಕೆ ಹೇಳಿ, ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿಕೊಂಡಿತು. ಈ ಕ್ಷೇತ್ರದವರೆಲ್ಲ ಓದುವ ಪಾಠ ಇದು. ಆದರೆ ಅವರ ಪುಟದಲ್ಲಿ 'ಅತ್ಯುನ್ನತ ಗುಣಮಟ್ಟಕ್ಕೆ ನಾವು ಬದ್ಧ' ಅನ್ನೋ ಮಾತು ಮೂರು ಸಲ ಇತ್ತು. ಕಣ್ಣು ನೋಯುತ್ತಿರುವವರು ಏನು ಮಾಡಬೇಕು ಅನ್ನೋದು ಒಂದು ಸಲವೂ ಇರಲಿಲ್ಲ.

ಎರಡನೆಯವರು ಚಿಕ್ಕ ವಯಸ್ಸಿನ ಹುಡುಗ, ಚುರುಕು. ಅವರ ಪುಟದಲ್ಲಿ 'ಎಲ್ಲ ಪಾಲುದಾರರೊಂದಿಗೆ ಪಾರದರ್ಶಕ ಸಂವಾದ' ಅಂತಿತ್ತು. 'ಇಲ್ಲಿ ಪಾಲುದಾರರು ಅಂದ್ರೆ ಯಾರು?' ಅಂತ ಕೇಳಿದೆ. ಸ್ವಲ್ಪ ಹೊತ್ತು ಪುಟ ನೋಡಿದರು. ಉತ್ತರ ಬರಲಿಲ್ಲ.

ಮೂರನೆಯವರು ಹಾವೇರಿ ಕಡೆಯವರು. ಕನ್ನಡ ಪತ್ರಿಕೆಯ ಡೆಸ್ಕ್‌ನಲ್ಲಿ ಎಂಟು ವರ್ಷ, ಆಮೇಲೆ ಮೂರು ವರ್ಷ ಖಾಲಿ. ಇಂಗ್ಲಿಷ್‌ನಲ್ಲಿ ಮಾತಾಡುವಾಗ ಪದ ಹುಡುಕುತ್ತಾ ನಿಲ್ಲುತ್ತಿದ್ದರು. ಪರೀಕ್ಷೆ ಶುರುವಾಗಿ ಹತ್ತು ನಿಮಿಷ ಏನೂ ಬರೆಯಲಿಲ್ಲ. ಎದ್ದು ಬಂದು ಬಾಗಿಲಲ್ಲಿ ನಿಂತು, 'ಮೂರು ಮಂದಿಗೆ ಸೋಂಕು ಆಗಿದ್ದು ಖರೇನ ಏನ್ರೀ ಮೇಡಂ? ಡಾಕ್ಟರ್‌ನ ಕೇಳಬಹುದೇನ್ರೀ?' ಅಂದರು.

ಹೀಗೆ ಕೇಳಿದವರಿಗೆ ಕೊಡಲಿಕ್ಕೆ ಅಂತಲೇ ಇನ್ನೊಂದು ಹಾಳೆ ಇಟ್ಟುಕೊಂಡಿದ್ದೆವು. ಇಬ್ಬರಿಗೆ ಸೋಂಕು ಖಚಿತ, ಒಬ್ಬರ ಪರೀಕ್ಷೆ ನಡೆಯುತ್ತಿದೆ ಅಂತ ಅದರಲ್ಲಿತ್ತು. ಆರು ಜನರಲ್ಲಿ ಕೇಳಿದವರು ಇಬ್ಬರೇ.

ವರದಿಗಾರರಿಗೆ ಅವರು ಬರೆದದ್ದು ನಾಲ್ಕೇ ಸಾಲು. ಇಬ್ಬರಿಗೆ ಸೋಂಕು ಆಗಿದೆ. ಒಬ್ಬರ ಪರೀಕ್ಷೆ ನಡೆಯುತ್ತಿದೆ. ಕಾರಣ ಇನ್ನೂ ಗೊತ್ತಾಗಿಲ್ಲ. ಸಂಜೆ 7ಕ್ಕೆ ಮತ್ತೆ ತಿಳಿಸುತ್ತೇವೆ. ರೋಗಿಗಳ ಸಂದೇಶವನ್ನು ಹೀಗೆ ಶುರು ಮಾಡಿದ್ದರು: ಕಣ್ಣು ನೋಯುತ್ತಿದ್ದರೆ, ಕೆಂಪಾಗಿದ್ದರೆ, ಕೀವು ಬರುತ್ತಿದ್ದರೆ, ನಿನ್ನೆಗಿಂತ ಇವತ್ತು ಹೆಚ್ಚು ಮಂಜಾಗಿದ್ದರೆ ನಾಳೆ ತನಕ ಕಾಯಬೇಡಿ, ಈಗಲೇ ಈ ನಂಬರಿಗೆ ಫೋನ್ ಮಾಡಿ. ಕೆಳಗೆ ಒಂದು ಟಿಪ್ಪಣಿ: ಇದನ್ನು ಓದಿ ರೆಕಾರ್ಡ್ ಮಾಡಿ ವಾಯ್ಸ್ ನೋಟ್ ಕಳಿಸಬೇಕು. ಯಾಕೆ ಅಂತ ಕೇಳಿದ್ದಕ್ಕೆ, 'ಕಣ್ಣಿಗೆ ಪಟ್ಟಿ ಕಟ್ಕೊಂಡವರು ನೋಟಿಸ್ ಹೆಂಗ ಓದ್ತಾರ್ರೀ ಮೇಡಂ?' ಅಂದರು. ನಿರ್ದೇಶಕರು ಪೆನ್ನು ಕೆಳಗಿಟ್ಟು ನಕ್ಕರು.

ಆಗಲೇ ಎಚ್‌ಆರ್ ಕೇಳಿದರು, 'ಮೂರು ವರ್ಷ ಗ್ಯಾಪ್ ಇದೆಯಲ್ಲ, ಮದುವೆ, ಮಗು... ಏನಾದ್ರೂ?' ನಾನು ತಡೆದೆ. 'ಇದು ನಮ್ಮ ಪಟ್ಟಿಯಲ್ಲಿಲ್ಲ. ಬೆಳಿಗ್ಗೆ ಬಂದ ಗಂಡಸರನ್ನ ಕೇಳಿಲ್ಲ, ಇವರನ್ನೂ ಕೇಳೋದು ಬೇಡ' ಅಂದೆ. ಕೋಣೆಯಲ್ಲಿ ಎರಡು ನಿಮಿಷ ಮುಜುಗರ ಆಯಿತು, ಆಗಲಿ. ಅವರೇ ಸಮಾಧಾನವಾಗಿ ಹೇಳಿದರು, 'ಅವ್ವಗ ಲಕ್ವಾ ಹೊಡೆದಿತ್ತು, ನೋಡ್ಕೊಳ್ತಿದ್ದೆ. ಈಗ ಕೆಲಸಕ್ಕ ಬರಬಹುದ್ರಿ.'

ನಾಲ್ಕನೆಯವರು ಬೇರೊಂದು ಸ್ವಯಂಸೇವಾ ಸಂಸ್ಥೆಯವರು. ಎರಡೂ ಭಾಷೆ ಚೆನ್ನಾಗಿತ್ತು. ನಿಜಾನಾ ಅಂತ ಕೇಳಿದ ಇನ್ನೊಬ್ಬರು ಇವರೇ.

ಸಂಜೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟೆವು. ನಿರ್ದೇಶಕರ ಮನಸ್ಸು ಇನ್ನೂ ಮೊದಲನೆಯವರ ಕಡೆಗಿತ್ತು. 'ದಾನಿಗಳ ಮುಂದೆ ಇಂಗ್ಲಿಷ್‌ನಲ್ಲಿ ನಿಲ್ಲಬೇಕಲ್ಲ?' ಅಂದರು. ನ್ಯಾಯವಾದ ಪ್ರಶ್ನೆಯೇ. ಹಾವೇರಿಯವರಿಗೆ ಇಂಗ್ಲಿಷ್‌ನಲ್ಲಿ ಅವರು 2 ಕೊಟ್ಟಿದ್ದರು, ನಾನೂ 2 ಕೊಟ್ಟಿದ್ದೆ. ಅದನ್ನು ತಿದ್ದಿ ಅಂತ ನಾನು ಹೇಳಲಿಲ್ಲ. ಉಳಿದ ನಾಲ್ಕು ಸಾಲು ಕೂಡಿ ನೋಡಿ ಸರ್ ಅಂದೆ. ಅವರ ಕೈಯಲ್ಲೇ ಬರೆದ ಅಂಕ, ಅವರೇ ಕೂಡಿದರು. ಮೊದಲನೆಯವರು ಮೂರನೇ ಸ್ಥಾನಕ್ಕೆ ಇಳಿದಿದ್ದರು. ಹಾವೇರಿಯವರು ಮೇಲೆ, ಸ್ವಯಂಸೇವಾ ಸಂಸ್ಥೆಯವರು ಒಂದೇ ಅಂಕ ಹಿಂದೆ.

ನಿಜವಾದ ಚರ್ಚೆ ನಡೆದದ್ದು ಆ ಇಬ್ಬರ ನಡುವೆ. ಒಂದು ಅಂಕ ಅಂದರೆ ಏನೂ ಅಲ್ಲ. ಇಬ್ಬರ ಪುಟಗಳನ್ನೂ ಮತ್ತೆ ಓದಿದೆವು. ಅವರ ರೋಗಿಗಳ ಸಂದೇಶದಲ್ಲಿ ಎಲ್ಲವೂ ಇತ್ತು, ಆದರೆ ಫೋನ್ ನಂಬರ್ ಮೂರನೇ ಪ್ಯಾರಾದಲ್ಲಿ. ಇವರದ್ದು ಮೊದಲ ಸಾಲಿನಲ್ಲೇ. ಅಲ್ಲಿಗೆ ತೀರ್ಮಾನವಾಯಿತು.

ಸಂಬಳದ ಮಾತು ಬಂದಾಗ ಇನ್ನೊಂದು ಜಗ್ಗಾಟ. 'ಗ್ಯಾಪ್ ಇದೆ, ಸ್ವಲ್ಪ ಕಮ್ಮಿಗೆ ಒಪ್ತಾರೆ' ಅಂದರು ಎಚ್‌ಆರ್. ಒಪ್ಪಬಹುದಿತ್ತು, ಅವರಿಗೆ ಕೆಲಸ ಬೇಕಿತ್ತು. ಆದರೆ ಆರು ಜನರಿಗೂ ಒಂದೇ ಹುದ್ದೆ ಅಂತ ಕರೆದ ಮೇಲೆ, ಮೊದಲ ಸ್ಥಾನ ಬಂದವರಿಗೆ ಮಾತ್ರ ಬೇರೆ ದರ ಹೇಗೆ? ಏಜೆನ್ಸಿಯವರಿಗೆ ಅಂತ ಮನಸ್ಸಿನಲ್ಲಿಟ್ಟುಕೊಂಡಿದ್ದ ಮೊತ್ತವನ್ನೇ ಕೊಡಬೇಕು ಅಂತ ಹಟ ಹಿಡಿದೆ. ಕೊನೆಗೆ ಅಷ್ಟೇ ಬರೆದರು.

ಉಳಿದ ಐವರಿಗೂ ಫೋನ್ ಮಾಡೋಣ ಅಂದಾಗ ಎಚ್‌ಆರ್‌ಗೆ ಆಶ್ಚರ್ಯ. ಎರಡನೇ ಸ್ಥಾನದವರಿಗೆ ಫೋನ್ ನಂಬರಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಷ್ಟು ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಹಿಂದೆ ಹೋದ ನಾಲ್ಕು ಕಡೆಯಿಂದ ಒಂದು ಮೇಲ್ ಕೂಡ ಬಂದಿಲ್ಲ' ಅಂದರು. ಅವರ ಜೊತೆ ಐದು ನಿಮಿಷ ಮಾತಾಡಿದೆ, ಅಷ್ಟೇ.

ಇಂಥ ಕೆಲಸಕ್ಕೆ ಇಂಟರ್‌ವ್ಯೂಗೆ ಹೊರಟಿದ್ದೀರಾ? ನೀವು ಮಾಡಿದ ಒಂದು ಕೆಲಸ ತಗೊಂಡು ಹೋಗಿ. ಅದನ್ನು ಯಾರಿಗಾಗಿ ಬರೆದಿರಿ, ಅದರಿಂದ ಏನು ಬದಲಾಯಿತು ಅಂತ ಹೇಳೋಕೆ ಸಿದ್ಧರಿರಿ. ಪರೀಕ್ಷೆ ಕೊಟ್ಟರೆ ಬರೆಯುವ ಮೊದಲು ಕೇಳಿ: ಇದರಲ್ಲಿ ಎಷ್ಟು ನಿಜ? ನಾನು ಬರೆದದ್ದನ್ನು ನೀವು ಬಳಸ್ತೀರಾ? ಇವೆರಡೂ ಕೇಳಬಾರದ ಪ್ರಶ್ನೆಗಳಲ್ಲ. ಗ್ಯಾಪ್ ಇದ್ದರೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ, ಕ್ಷಮೆ ಕೇಳೋದು ಬೇಡ. ಮೇಜಿನ ಆಚೆ ಕೂರುವ ಸರದಿ ನಿಮ್ಮದಾದರೆ, ಪಕ್ಕದವರ ಮುಖ ನೋಡುವ ಮೊದಲು ಅಂಕ ಬರೆದುಬಿಡಿ.

ಅವರು ಬಂದು ಆರು ತಿಂಗಳಾಯಿತು. ಮೊದಲ ದಾನಿಗಳ ಸಭೆಯಲ್ಲಿ ಇಂಗ್ಲಿಷ್ ಭಾಷಣವನ್ನು ಹಾಳೆ ನೋಡಿಯೇ ಓದಿದರು. ಆಪರೇಷನ್ ಆದವರಲ್ಲಿ ಎಷ್ಟು ಜನ ಮರುತಪಾಸಣೆಗೆ ಬಂದರು ಅಂತ ಒಬ್ಬರು ಕೇಳಿದರು. 'ಆ ಲೆಕ್ಕ ಈಗ ನನ್ನ ಹತ್ತಿರ ಇಲ್ಲ, ನಾಳೆ ಕಳಿಸುತ್ತೇನೆ' ಅಂದರು. ಮರುದಿನ ಬೆಳಿಗ್ಗೆ 10 ಗಂಟೆಗೆ ಕಳಿಸಿದರು, ಬಾರದವರ ಸಂಖ್ಯೆಯನ್ನೂ ಸೇರಿಸಿ.